ಒಂದು ಅಂಬಾಸಿಡರ್ ಎಂಜಿನ್, ಮೂರು ಮಷೀನ್ ಶಾಪ್: ಆಯ್ಕೆಯ ಒಂದು ಪ್ರಕರಣ ಅಧ್ಯಯನ

ಸಕಲೇಶಪುರದ ಕಡೆಯ ಕಾಫಿ ತೋಟದ ಕುಟುಂಬವೊಂದರಲ್ಲಿ 1968ರ ಅಂಬಾಸಿಡರ್ ಮಾರ್ಕ್ 2 ಕಾರೊಂದು ಕೊಂಡ ದಿನದಿಂದಲೂ ಅದೇ ಮನೆಯಲ್ಲಿದೆ. ಕೆಲವು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಮನೆಯ ಮೂರನೆಯ ತಲೆಮಾರಿನವರು ಮತ್ತೆ ಓಡಿಸಲು ತೊಡಗಿದಾಗ, ಘಾಟಿಯಿಳಿದು ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ನೀಲಿ ಹೊಗೆ ಬರುತ್ತಿತ್ತು ಮತ್ತು ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ತೀರ ಕೆಳಗೆ ಬೀಳುತ್ತಿತ್ತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಎಬ್ಬಿಸುವ ಒತ್ತಡ, ಅಳೆದಾಗ ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರ್‌ಗಳು ಉಳಿದೆರಡಕ್ಕಿಂತ ಸುಮಾರು ಕಾಲುಭಾಗದಷ್ಟು ಹಿಂದಿದ್ದವು. ಪ್ಲಗ್ ರಂಧ್ರದ ಮೂಲಕ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದರೆ ಅವು ಏರುತ್ತಿದ್ದವು. ವಾಲ್ವ್ ಮಾತ್ರ ಸೋರುತ್ತಿದ್ದರೆ ಎಣ್ಣೆ ಬಿಟ್ಟದ್ದರಿಂದ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ, ಎಂಜಿನ್ ಬೋರ್‌ಗೆ ಬಂದಿತ್ತು, ಅಂದರೆ ಸಿಲಿಂಡರ್‌ಗಳ ಒಳಗೋಡೆ ಸವೆದು ಅವನ್ನು ಮತ್ತೆ ಕೊರೆಸಬೇಕಾಗಿತ್ತು.

ಎಂಜಿನ್ ಇಳಿಸಿ ಬಿಚ್ಚುವ ಕೆಲಸಕ್ಕೆ ಕುಟುಂಬದ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದರು, ಮತ್ತೆ ಜೋಡಿಸಲೂ ಅವರೇ ಸಾಕಾಗಿದ್ದರು. ಪ್ರಶ್ನೆ ಇದ್ದದ್ದು ನಡುವಿನ ಕೆಲಸದ ಬಗ್ಗೆ. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ), ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ), ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತೋಳು) ಮತ್ತು ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಇವುಗಳನ್ನು ಕೊರೆದು, ಅರೆದು ಅಳತೆಗೆ ತರಲು ಯಾವ ಮಷೀನ್ ಶಾಪಿಗೆ ಕೊಡಬೇಕು ಎಂಬುದನ್ನು ತೀರ್ಮಾನಿಸಲು ಮಾಲೀಕರು ನನ್ನ ನೆರವು ಕೇಳಿದರು. ಅಳತೆಯ ಹೊಣೆ ನನ್ನ ಪಾಲಿಗೆ ಬಂತು. ಹಾಸನ, ಬೆಂಗಳೂರು ಮತ್ತು ಕೊಯಮತ್ತೂರಿನ ಮೂರು ಶಾಪ್‌ಗಳು ಪರಿಗಣನೆಯಲ್ಲಿದ್ದವು. ಅವುಗಳ ಹೆಸರು ಇಲ್ಲಿ ಅಗತ್ಯವಿಲ್ಲ.

ಎಂಜಿನ್ನಿನ ಸ್ವಭಾವ

ಹಿಂದೂಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನ ಭಾರತೀಯ ರೂಪ. ಮಾರ್ಕ್ 2ರಲ್ಲಿರುವ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ ಕಂಪನಿಯ ‘ಬಿ’ ಸರಣಿಯದು. ಇದೇ ಸರಣಿಯ ಇದೇ ಗಾತ್ರದ ಎಂಜಿನ್ ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿನ ಮೊದಲ ಮಾದರಿಯಲ್ಲಿಯೂ ಇತ್ತು. ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿ.ಮೀ.; ಮೂಲ ವಿನ್ಯಾಸದ ಅಳತೆಯಲ್ಲಿ ಹೇಳಿದರೆ 2.875 ಇಂಚು ಮತ್ತು 3.5 ಇಂಚು. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವು, ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹೊರುವ ಮೇನ್ ಬೇರಿಂಗ್‌ಗಳು ಮೂರೇ, ಶಕ್ತಿ ಸುಮಾರು 50 ಅಶ್ವಶಕ್ತಿ. ಇಡೀ ಎಂಜಿನ್ ಇಂಚಿನ ಲೆಕ್ಕದಲ್ಲಿ ಹುಟ್ಟಿದ್ದರಿಂದ ಅದರ ಬಿಡಿಭಾಗಗಳ ಓವರ್‌ಸೈಜ್ (ಹಿಗ್ಗಿಸಿದ ಬೋರಿಗೆ ಹೊಂದುವ ದೊಡ್ಡ ಅಳತೆ) ಮತ್ತು ಅಂಡರ್‌ಸೈಜ್‌ಗಳೂ (ಅರೆದ ಕ್ರ್ಯಾಂಕಿಗೆ ಹೊಂದುವ ಚಿಕ್ಕ ಅಳತೆ) ಇಂಚಿನ ಸಾವಿರದ ಒಂದು ಭಾಗದಲ್ಲಿ, ಅಂದರೆ ‘ಥೌ’ಗಳಲ್ಲಿ, ನಡೆಯುತ್ತವೆ. ಒಂದು ಥೌ ಎಂದರೆ 25.4 ಮೈಕ್ರಾನ್.

ಶಾಪ್ ಆಯ್ಕೆಗೆ ನೇರವಾಗಿ ಸಂಬಂಧಿಸಿದ ಮೂರು ವಿಶೇಷಗಳು ಈ ಎಂಜಿನ್ನಿನಲ್ಲಿವೆ. ಕ್ರ್ಯಾಂಕಿನ ಹಿಂತುದಿಯಲ್ಲಿ ಇಂದಿನ ಎಂಜಿನ್‌ಗಳಲ್ಲಿರುವಂತಹ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲೆಯೇ ಸ್ಕ್ರೂವಿನಂತಹ ಸುರುಳಿ ಗೆರೆ ಕೆತ್ತಲಾಗಿದ್ದು, ಶಾಫ್ಟ್ ತಿರುಗಿದಂತೆಲ್ಲ ಅದು ಎಣ್ಣೆಯನ್ನು ಒಳಗೆ ಹಿಂದಿರುಗಿಸುತ್ತದೆ. ಆ ಸುರುಳಿಗೂ ಅದರ ಸುತ್ತಲಿನ ಕೊರೆತಕ್ಕೂ ನಡುವಿನ ಸಂದು ಕೆಲವೇ ಥೌಗಳಷ್ಟು. ಎರಡನೆಯದಾಗಿ, ಕನೆಕ್ಟಿಂಗ್ ರಾಡ್‌ನ ಚಿಕ್ಕ ತುದಿಯಲ್ಲಿ, ರಾಡನ್ನು ಪಿಸ್ಟನ್ನಿಗೆ ಜೋಡಿಸುವ ಗಜನ್ ಪಿನ್ ಬುಶ್ಶಿನೊಳಗೆ ಸಲೀಸಾಗಿ ತಿರುಗುವುದಿಲ್ಲ, ಅದನ್ನು ಒಂದು ಬೋಲ್ಟ್ ಬಿಗಿಹಿಡಿಯುತ್ತದೆ. ಆ ಬೋಲ್ಟನ್ನು ಅಜಾಗರೂಕವಾಗಿ ಬಿಗಿದರೆ ರಾಡ್ ತಿರುಚಿಕೊಳ್ಳುತ್ತದೆ. ಮೂರನೆಯದು, ಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಸೀಟ್‌ಗಳನ್ನು, ಅಂದರೆ ವಾಲ್ವ್ ಬಂದು ಕೂರುವ ಅಂಚುಗಳನ್ನು, ನೇರವಾಗಿ ಎರಕದಲ್ಲಿಯೇ ಕಡೆದಿದ್ದಾರೆ, ಪ್ರತ್ಯೇಕವಾದ ಗಟ್ಟಿ ಉಂಗುರಗಳಿಲ್ಲ. ಪೆಟ್ರೋಲಿನಲ್ಲಿ ಸೀಸವಿದ್ದ ಕಾಲಕ್ಕೆ ಇದು ಸರಿಯಾಗಿತ್ತು, ಆ ಸೀಸ ಸೀಟ್‌ಗಳ ಸವೆತವನ್ನು ತಡೆಯುತ್ತಿತ್ತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿಯಿಂದ ನಿಂತಿತು, ಆ ನಂತರ ಇಂತಹ ಎಂಜಿನ್‌ಗಳ ಎಕ್ಸಾಸ್ಟ್ ಸೀಟ್‌ಗಳು ನಿಧಾನವಾಗಿ ಕುಸಿಯುತ್ತ ಹೋಗುತ್ತವೆ.

ಬಿಚ್ಚಿದಾಗ ಕಂಡದ್ದು

ಪಿಸ್ಟನ್‌ಗಳ ತಲೆಯ ಮೇಲಿನ ಇಂಗಾಲ ಕೆರೆದಾಗ 040 ಎಂಬ ಗುರುತು ಕಾಣಿಸಿತು. ಹಿಂದೆ ಯಾವಾಗಲೋ ಬೋರನ್ನು 40 ಥೌ ಹಿಗ್ಗಿಸಲಾಗಿತ್ತು. ಅಂದರೆ ಬೋರ್ ಆಗಲೇ 2.915 ಇಂಚಿಗೆ ಬಂದಿತ್ತು ಮತ್ತು ಸಾಮಾನ್ಯವಾಗಿ ದೊರೆಯುವ ಓವರ್‌ಸೈಜ್‌ಗಳ ಕೊನೆಯ ಮೆಟ್ಟಿಲನ್ನು ಮುಟ್ಟಿಯಾಗಿತ್ತು. ಅದರ ಮೇಲೆ ಒಂದನೆಯ ಸಿಲಿಂಡರ್‌ನಲ್ಲಿ, ಮೇಲಿನ ರಿಂಗ್ ತಿರುಗುವ ಎತ್ತರದಲ್ಲಿ, ಇನ್ನೂ 9 ಥೌ ಸವೆತವಿತ್ತು. ರಾಡ್‌ಗಳು ಕೂರುವ ಕ್ರ್ಯಾಂಕ್ ಪಿನ್‌ಗಳು ಹಿಂದೊಮ್ಮೆ 20 ಥೌ ಅಂಡರ್‌ಸೈಜಿಗೆ ಗ್ರೈಂಡ್ ಆಗಿದ್ದವು, ಮೇನ್ ಬೇರಿಂಗ್‌ಗಳಲ್ಲಿ ತಿರುಗುವ ಮೇನ್ ಜರ್ನಲ್‌ಗಳು 10 ಥೌಗೆ. ಎರಡನೆಯ ಪಿನ್ ಒಂದೂವರೆ ಥೌನಷ್ಟು ಅಂಡಾಕಾರಕ್ಕೆ ತಿರುಗಿತ್ತು. ಎಕ್ಸಾಸ್ಟ್ ವಾಲ್ವ್‌ಗಳು ಹೆಡ್ಡಿನೊಳಗೆ ಸ್ಪಷ್ಟವಾಗಿ ಕುಸಿದಿದ್ದವು.

ಇಲ್ಲಿ ಎರಡು ದಾರಿಗಳಿದ್ದವು. ಹಳೆಯ ಟ್ಯಾಕ್ಸಿಯೊಂದರ ಒಳ್ಳೆಯ ಬ್ಲಾಕ್ ಹುಡುಕಿ ಬದಲಿಸುವುದು ಒಂದು. ಇದೇ ಬ್ಲಾಕಿಗೆ ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರುವ ಹೊಸ ಕೊಳವೆ, ಹಾಕಿ ಬೋರನ್ನು ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರುವುದು ಇನ್ನೊಂದು. ಮೊದಲನೆಯದು ಸುಲಭ ಮತ್ತು ಅಗ್ಗ. ಆದರೆ ಮಾಲೀಕರು ಎರಡನೆಯದನ್ನೇ ಬಯಸಿದರು, ಅದಕ್ಕೆ ಭಾವನೆಯಷ್ಟೇ ಕಾರಣವಲ್ಲ. ಬ್ಲಾಕ್ ಬದಲಾದರೆ ಎಂಜಿನ್ ಸಂಖ್ಯೆ ಬದಲಾಗುತ್ತದೆ, ಆರ್‌ಸಿ ತಿದ್ದಿಸಬೇಕಾಗುತ್ತದೆ. ಜೊತೆಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಡಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ದೊರೆಯಬಹುದಾದರೂ, ವಾಹನ ತನ್ನ ಮೂಲ ರೂಪದಲ್ಲಿಯೇ ಇರಬೇಕೆಂಬ ಷರತ್ತು ಅದಕ್ಕಿದೆ. ಮುಂದೆ ಆ ದಾರಿ ಹಿಡಿಯುವ ಆಲೋಚನೆ ಇದ್ದವರು ಈಗಲೇ ಬ್ಲಾಕ್ ಬದಲಿಸಿ ತೊಡಕು ತಂದುಕೊಳ್ಳುವುದು ಜಾಣತನವಲ್ಲ ಎಂದು ನನಗೂ ಅನಿಸಿತು.

ಹಾಗಾಗಿ ನಮಗೆ ಬೇಕಾದದ್ದು ‘ಒಳ್ಳೆಯ ಮಷೀನ್ ಶಾಪ್’ ಎಂಬ ಸಾಮಾನ್ಯ ವಸ್ತುವಾಗಿರಲಿಲ್ಲ. ಹಳೆಯ ಎರಕದಲ್ಲಿ ಲೈನರ್ ಕೂರಿಸಬಲ್ಲ, ಮೂರು ಬೇರಿಂಗಿನ ಕ್ರ್ಯಾಂಕನ್ನು ಇನ್ನೊಂದು ಮೆಟ್ಟಿಲು ಗ್ರೈಂಡ್ ಮಾಡಬಲ್ಲ, ಕಬ್ಬಿಣದ ಹೆಡ್ಡಿಗೆ ಸೀಟ್ ಉಂಗುರ ಹಾಕಬಲ್ಲ ಶಾಪ್ ಬೇಕಾಗಿತ್ತು. ಈ ಮೂರು ಕೆಲಸಗಳೂ ಒಂದೇ ಸೂರಿನಡಿ ಸಮಾನವಾಗಿ ಚೆನ್ನಾಗಿ ನಡೆಯಬೇಕೆಂಬ ನಿಯಮವೇನೂ ಇಲ್ಲ ಎಂಬುದು ಮುಂದೆ ಈ ಪ್ರಕರಣದ ತಿರುವಾಯಿತು.

ಪರೀಕ್ಷೆಯ ವಿಧಾನ

ಶಾಪ್‌ಗಳನ್ನು ನೋಡಲು ಹೋದವರು ಸಾಮಾನ್ಯವಾಗಿ ಯಂತ್ರಗಳನ್ನು ನೋಡಿ, ದರ ಕೇಳಿ, ಹಳೆಯ ಗಿರಾಕಿಗಳ ಹೆಸರು ಕೇಳಿಕೊಂಡು ಬರುತ್ತಾರೆ. ಇವು ಮೂರರಿಂದಲೂ ಕೆಲಸದ ಗುಣ ತಿಳಿಯುವುದಿಲ್ಲ. ಹೊಸ ಯಂತ್ರದ ಮುಂದೆ ಅಸಡ್ಡೆಯ ಕೈಯೂ ನಿಂತಿರಬಹುದು. ದರದಲ್ಲಿ ಬಾಡಿಗೆಯೂ ಸೇರಿರುತ್ತದೆ. ಗಿರಾಕಿಯ ತೃಪ್ತಿ ಎಂಜಿನ್ ಸ್ಟಾರ್ಟ್ ಆದದ್ದಕ್ಕೆ ಸಂಬಂಧಿಸಿರುತ್ತದೆಯೇ ಹೊರತು ಬೋರ್ ಎಷ್ಟು ದುಂಡಾಗಿದೆ ಎಂಬುದಕ್ಕಲ್ಲ. ನಾವು ಬೇರೆ ದಾರಿ ಹಿಡಿದೆವು. ಮೊದಲು ಟೂಲ್ ರೂಮ್ ಒಂದರಲ್ಲಿ ಕೆಲಸ ಮಾಡುವ ಸ್ನೇಹಿತರ ನೆರವಿನಿಂದ, ಪರಿಶೀಲಿಸಿದ ಮೈಕ್ರೋಮೀಟರ್ ಮತ್ತು ಡಯಲ್ ಬೋರ್ ಗೇಜ್ ಬಳಸಿ, ಬ್ಲಾಕ್ ಮತ್ತು ಕ್ರ್ಯಾಂಕಿನ ಅಳತೆಗಳನ್ನು ನಾವೇ ದಾಖಲಿಸಿದೆವು. ಪ್ರತಿ ಸಿಲಿಂಡರಿಗೆ ಮೇಲೆ, ನಡುವೆ ಮತ್ತು ಕೆಳಗೆ ಎಂದು ಮೂರು ಆಳದಲ್ಲಿ, ಪ್ರತಿ ಆಳದಲ್ಲೂ ಎರಡು ದಿಕ್ಕಿನಲ್ಲಿ, ಹೀಗೆ ಆರು ಅಳತೆ. ಆ ಮೇಲೆ ಅದೇ ಬ್ಲಾಕ್ ಮತ್ತು ಕ್ರ್ಯಾಂಕನ್ನು ಪ್ರತಿ ಶಾಪಿಗೂ ಒಯ್ದು, ಅಳತೆಯ ಕೂಲಿ ಕೊಟ್ಟು, ಬರಹದಲ್ಲಿ ಅಳತೆಪಟ್ಟಿ ಕೇಳಿದೆವು. ನಮ್ಮ ಅಂಕಿಗಳನ್ನು ಮೊದಲೇ ಹೇಳಲಿಲ್ಲ.

ಅಳತೆಗೆ ಬೇರೆಯಾಗಿ ಹಣ ಕೊಡುವುದು ಮಾಲೀಕರಿಗೆ ಮೊದಲು ವ್ಯರ್ಥವೆನಿಸಿತ್ತು. ಆದರೆ ಬ್ಲಾಕನ್ನು ಒಮ್ಮೆ ಕೊರೆದ ಮೇಲೆ ಕೊರೆದದ್ದನ್ನು ಹಿಂದಕ್ಕೆ ತರಲಾಗದು, ಅಳತೆ ತಪ್ಪಿದರೆ ಮತ್ತೆ ಅಳೆಯಬಹುದು. ಶಾಪಿನ ಕಣ್ಣು ಮತ್ತು ಕೈ ಎಂತಹವು ಎಂಬುದನ್ನು ಏನೂ ಕೆಡದಂತೆ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಮೂರು ಶಾಪ್‌ಗಳು

ಬೆಂಗಳೂರಿನ ಶಾಪ್ ಮೂರರಲ್ಲಿ ದೊಡ್ಡದು ಮತ್ತು ಅಚ್ಚುಕಟ್ಟಾದದ್ದು. ಬಿಸಿ ರಾಸಾಯನಿಕದ ತೊಟ್ಟಿಯಲ್ಲಿ ಬ್ಲಾಕ್ ತೊಳೆಯುವ ವ್ಯವಸ್ಥೆ, ಕಂಪ್ಯೂಟರ್ ನಿಯಂತ್ರಿತ ಬೋರಿಂಗ್ ಯಂತ್ರ, ಕೊರೆದ ಬೋರನ್ನು ಕಲ್ಲಿನಿಂದ ಉಜ್ಜಿ ಅಂತಿಮ ಅಳತೆಗೆ ತರುವ ಸ್ವಯಂಚಾಲಿತ ಹೋನಿಂಗ್ ಯಂತ್ರ ಎಲ್ಲವೂ ಇದ್ದವು. ಅವರ ದಿನನಿತ್ಯದ ಕೆಲಸ ಲಾರಿ ಮತ್ತು ಬಸ್ಸುಗಳ ಡೀಸೆಲ್ ಎಂಜಿನ್. ಅಲ್ಲಿ ಲೈನರ್, ಪಿಸ್ಟನ್ ಮತ್ತು ರಿಂಗ್ ಒಂದೇ ಪೆಟ್ಟಿಗೆಯಲ್ಲಿ ಕಿಟ್ ಆಗಿ ಬರುತ್ತವೆ, ಅಳತೆಗಳು ಪಟ್ಟಿಯಲ್ಲಿ ಮೊದಲೇ ನಿಗದಿಯಾಗಿರುತ್ತವೆ, ಕೆಲಸ ವೇಗವಾಗಿ ಸಾಗುತ್ತದೆ. ಅವರು ಕೊಟ್ಟ ಅಳತೆಪಟ್ಟಿಯಲ್ಲಿ ನಾಲ್ಕೂ ಸಿಲಿಂಡರ್‌ಗಳಿಗೆ ಒಂದೇ ಅಂಕಿ ಇತ್ತು, ಪಕ್ಕದಲ್ಲಿ ‘ಲೈನರ್ ಅಗತ್ಯ’ ಎಂಬ ಟಿಪ್ಪಣಿ. ತೀರ್ಮಾನ ಸರಿಯಾಗಿತ್ತು, ಆದರೆ ಅಳತೆ ಎಂದು ಕರೆಯಬಹುದಾದದ್ದು ಅದರಲ್ಲಿ ಇರಲಿಲ್ಲ. ಯಂತ್ರ ನಡೆಸುವವರೊಡನೆ ಮಾತಾಡಲು ಕೇಳಿದಾಗ, ಗಿರಾಕಿಗಳು ಕೌಂಟರಿನಲ್ಲಿಯೇ ವ್ಯವಹರಿಸಬೇಕೆಂಬ ನಿಯಮ ಅಡ್ಡಬಂತು. ಪಿಸ್ಟನ್ ಸಿಗುವ ಮೊದಲೇ ಸ್ಟ್ಯಾಂಡರ್ಡ್ ಅಳತೆಗೆ ಕೊರೆದಿಡುತ್ತೇವೆ, ಪಿಸ್ಟನ್ ನಿಧಾನವಾಗಿ ಬರಲಿ ಎಂಬ ಅವರ ಸಲಹೆಯೇ ಅವರನ್ನು ಪಟ್ಟಿಯಿಂದ ಹೊರಗಿಟ್ಟ ನಿರ್ಣಾಯಕ ಅಂಶ. ಕಿಟ್ಟಿನ ಜಗತ್ತಿನಲ್ಲಿ ಆ ಸಲಹೆಗೆ ತೊಂದರೆಯಿಲ್ಲ. ಹಳೆಯ ದಾಸ್ತಾನಿನಿಂದ ಹುಡುಕಿ ತಂದ ಪಿಸ್ಟನ್‌ಗಳಲ್ಲಿ ಒಂದಕ್ಕೊಂದು ಅರ್ಧ ಥೌ ವ್ಯತ್ಯಾಸವಿರುವುದು ಸಾಮಾನ್ಯ. ಹಾಗಿರುವಾಗ ಪ್ರತಿ ಸಿಲಿಂಡರನ್ನು ಅದರದೇ ಪಿಸ್ಟನ್‌ಗೆ ಹೊಂದಿಸಿ ಹೋನ್ ಮಾಡಬೇಕೇ ಹೊರತು ಪುಸ್ತಕದ ಅಂಕಿಗಲ್ಲ.

ಕೊಯಮತ್ತೂರಿನ ಶಾಪ್ ಇದರ ತದ್ವಿರುದ್ಧ ತುದಿಯಲ್ಲಿತ್ತು. ಆ ಊರಿಗೂ ಮೋಟಾರ್ ರೇಸಿಂಗಿಗೂ ಇರುವ ನಂಟು ಹಳೆಯದು, ಈ ಶಾಪ್ ಕೂಡ ರೇಸ್ ಎಂಜಿನ್‌ಗಳಲ್ಲಿಯೇ ಬೆಳೆದದ್ದು. ಅವರ ಅಳತೆಪಟ್ಟಿ ಮಾದರಿ ಎನ್ನಬಹುದಾಗಿತ್ತು. ಪ್ರತಿ ಅಂಕಿಯ ಪಕ್ಕದಲ್ಲಿ ಬಳಸಿದ ಉಪಕರಣ, ಮೇಲ್ಭಾಗದಲ್ಲಿ ಕೋಣೆಯ ಉಷ್ಣತೆ, ಕ್ರ್ಯಾಂಕಿನ ಓರೆಯ ಬಗ್ಗೆ ಪ್ರತ್ಯೇಕ ಸಾಲು. ನಮ್ಮ ಅಳತೆಗಳೊಡನೆ ಹೋಲಿಸಿದಾಗ ಎಲ್ಲಿಯೂ ಕಾಲು ಥೌಗಿಂತ ಹೆಚ್ಚು ಅಂತರವಿರಲಿಲ್ಲ. ಉಷ್ಣತೆ ಬರೆದದ್ದು ಶೋಕಿಗಾಗಿಯಲ್ಲ. 73 ಮಿ.ಮೀ. ಬೋರಿನ ಕಬ್ಬಿಣ ಹತ್ತು ಡಿಗ್ರಿ ಏರಿದರೆ ಸುಮಾರು 8 ಮೈಕ್ರಾನ್ ಹಿಗ್ಗುತ್ತದೆ. ಹೋನ್ ಮಾಡಿದ ಬಿಸಿಯಲ್ಲೇ ಬ್ಲಾಕನ್ನು ಅಳೆದು ಸರಿಯಾಗಿದೆ ಎಂದುಕೊಂಡರೆ, ತಣ್ಣಗಾದ ಮೇಲೆ ಅದು ಬಿಗಿಯಾಗಿರುತ್ತದೆ. ಇಷ್ಟೆಲ್ಲ ಇದ್ದರೂ ಈ ಶಾಪಿನ ಪ್ರಸ್ತಾವನೆ ನಮ್ಮ ಅಗತ್ಯವನ್ನು ಮೀರಿತ್ತು. ಹೆಡ್ ಬಿಗಿದ ಸ್ಥಿತಿಯನ್ನು ಅನುಕರಿಸುವ ದಪ್ಪ ತಟ್ಟೆಯೊಂದನ್ನು ಬ್ಲಾಕಿಗೆ ಬಿಗಿದು ಹೋನ್ ಮಾಡುವುದು, ಮೇನ್ ಬೇರಿಂಗ್‌ಗಳ ಕೊರೆತವನ್ನು ಹೊಸದಾಗಿ ಸಾಲಾಗಿಸುವುದು, ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಅನ್ನು ಹಗುರಗೊಳಿಸುವುದು, ಬ್ಲಾಕಿನ ಮೇಲ್ಮೈಯನ್ನು ಧಾರಾಳವಾಗಿ ತೆಗೆಯುವುದು ಎಲ್ಲವೂ ಅದರಲ್ಲಿದ್ದವು. ಮೊದಲನೆಯದು ಒಳ್ಳೆಯದೇ, ಆದರೆ 50 ಅಶ್ವಶಕ್ತಿಯ ಸೌಮ್ಯ ಎಂಜಿನ್ನಿಗೆ ಅನಿವಾರ್ಯವಲ್ಲ. ಹಗುರ ಫ್ಲೈವೀಲ್ ಈ ಕಾರಿಗೆ ನಷ್ಟವೇ. ಘಾಟಿಯ ತಿರುವಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿಯೂ ಮೂರನೆಯ ಗೇರಿನಲ್ಲಿ ತೂಗಿಕೊಂಡು ಹೋಗುವುದೇ ಅಂಬಾಸಿಡರಿನ ಗುಣ, ಭಾರವಾದ ಫ್ಲೈವೀಲ್ ಅದಕ್ಕೆ ನೆರವಾಗುತ್ತದೆ. ದರ ಹಾಸನದ ಶಾಪಿನ ದರದ ಸುಮಾರು ಮೂರು ಪಟ್ಟು ಇತ್ತು, ಸರದಿಯೂ ಉದ್ದವಿತ್ತು.

ಮೇನ್ ಬೇರಿಂಗ್ ಸಾಲಾಗಿಸುವ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಶಾಪ್‌ಗಳನ್ನು ಅಳೆಯಲು ನಾನು ಬಳಸಿದ ಪ್ರಶ್ನೆಗಳಲ್ಲಿ ಅದೇ ಹೆಚ್ಚು ಫಲ ಕೊಟ್ಟದ್ದು. ಬೇರಿಂಗನ್ನು ಕೆಳಗಿನಿಂದ ಬಿಗಿಹಿಡಿಯುವ ಕ್ಯಾಪ್‌ಗಳನ್ನು ಸ್ವಲ್ಪ ಅರೆದು, ಮತ್ತೆ ಬಿಗಿದು, ಮೂರೂ ಕೊರೆತಗಳನ್ನು ಒಂದೇ ಸಾಲಿನಲ್ಲಿ ಹೊಸದಾಗಿ ಕೊರೆಯುವುದು ಅನೇಕ ಎಂಜಿನ್‌ಗಳಲ್ಲಿ ನಿರುಪದ್ರವಿ. ಈ ಎಂಜಿನ್ನಿನಲ್ಲಿ ಹಿಂದಿನ ಕ್ಯಾಪ್ ಸರಿದರೆ, ಎಣ್ಣೆ ಹಿಂದಿರುಗಿಸುವ ಸುರುಳಿಯ ಸುತ್ತಲಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗುತ್ತದೆ, ಆ ಮೇಲೆ ಕ್ಲಚ್ ಹೌಸಿಂಗಿಗೆ ಸೋರುವ ಎಣ್ಣೆಯನ್ನು ತಡೆಯಲು ಯಾವ ಸೀಲೂ ಇಲ್ಲ. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ ಆಗಿತ್ತು: ಮೇನ್‌ಗಳನ್ನು ಸಾಲಾಗಿಸಬೇಕೇ? ಬೆಂಗಳೂರಿನವರು ಬೇಕಾದರೆ ಮಾಡಿಕೊಡುತ್ತೇವೆ ಎಂದರು. ಕೊಯಮತ್ತೂರಿನವರು ಮಾಡುವುದೇ ಪದ್ಧತಿ ಎಂದರು. ಸುರುಳಿಯ ವಿಷಯ ಎತ್ತಿದಾಗ ಒಪ್ಪಿಕೊಂಡು ಅದನ್ನು ಕೈಬಿಡಲು ಸಿದ್ಧರಾದರು, ಅದು ಅವರ ಪರವಾದ ಅಂಶ. ಹಾಸನದ ಮೇಸ್ತ್ರಿ ಮಾತ್ರ ನಾನು ಸುರುಳಿಯ ಹೆಸರೆತ್ತುವ ಮೊದಲೇ, ಕ್ಯಾಪ್‌ಗಳನ್ನು ಬಿಗಿದು ಅಳೆದು ನೋಡದೆ ಈ ಗಾಡಿಯ ಮೇನ್‌ಗೆ ಕೈ ಹಾಕಬಾರದು, ಹಾಕಿದರೆ ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆನೆಯುತ್ತದೆ ಎಂದರು.

ಹಾಸನದ ಆ ಶಾಪ್ ಹೊರನೋಟಕ್ಕೆ ಏನೂ ಅಲ್ಲ. ತಗಡಿನ ಮಾಡು, ಹಳೆಯ ಲೇತ್, ಬ್ಲಾಕಿನ ಮೇಲ್ಮೈಗೇ ಬಿಗಿದು ನಡೆಸುವ ಹಳೆಯ ಬೋರಿಂಗ್ ಬಾರ್, ನಿಂತ ಹೋನಿಂಗ್ ಯಂತ್ರ, ರಾಡ್‌ಗಳು ತಿರುಚಿವೆಯೇ ಎಂದು ನೋಡುವ ಜಿಗ್. ಅಂಬಾಸಿಡರ್ ಟ್ಯಾಕ್ಸಿಗಳು ಜಿಲ್ಲೆಯ ರಸ್ತೆಗಳಲ್ಲಿ ತುಂಬಿದ್ದ ಕಾಲದಿಂದ ಮೇಸ್ತ್ರಿ ಇದೇ ಕೆಲಸ ಮಾಡುತ್ತಿದ್ದಾರೆ. ಅಳತೆಪಟ್ಟಿ ಬಂದದ್ದು ಬಿಲ್ಲಿನ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಆರು ಅಂಕಿಗಳ ಬದಲು ಪ್ರತಿ ಸಿಲಿಂಡರಿಗೆ ನಾಲ್ಕು ಇದ್ದವು, ಆದರೆ ಆ ನಾಲ್ಕೂ ನಮ್ಮ ಅಳತೆಗೆ ಅರ್ಧ ಥೌನ ಒಳಗೆ ತಾಳೆಯಾದವು, ಒಂದನೆಯ ಸಿಲಿಂಡರಿನ 9 ಥೌ ಸವೆತವೂ ಸೇರಿದಂತೆ. ಕ್ರ್ಯಾಂಕಿನ ವಿಷಯದಲ್ಲಿ ಅವರು ನೇರವಾಗಿ ಮಾತಾಡಿದರು: ತಮ್ಮಲ್ಲಿ ಕ್ರ್ಯಾಂಕ್ ಗ್ರೈಂಡರ್ ಇಲ್ಲ, ಬೇರೆ ಊರಿಗೆ ಕಳುಹಿಸುತ್ತೇವೆ, ಅಲ್ಲಿ ರೇಡಿಯಸ್ ಹೇಗೆ ಬಿಡುತ್ತಾರೆ ಎಂಬುದಕ್ಕೆ ತಾವು ಹೊಣೆಯಾಗಲಾರೆವು. ಇದನ್ನು ದೌರ್ಬಲ್ಯವೆಂದು ಬರೆದುಕೊಳ್ಳಬಹುದಾಗಿತ್ತು. ನಾನು ಅದನ್ನು ಅಳತೆಪಟ್ಟಿಯಷ್ಟೇ ಮಹತ್ವದ ಮಾಹಿತಿಯಾಗಿ ತೆಗೆದುಕೊಂಡೆ.

ತೀರ್ಮಾನ ರೂಪುಗೊಂಡ ಬಗೆ

ರೇಡಿಯಸ್ ಎಂದರೆ ಕ್ರ್ಯಾಂಕಿನ ಜರ್ನಲ್ ಮುಗಿದು ಪಕ್ಕದ ಗೋಡೆ ಏಳುವ ಮೂಲೆಯ ದುಂಡಗಿನ ಬಾಗು. ಗ್ರೈಂಡಿಂಗ್ ಕಲ್ಲನ್ನು ಸರಿಯಾಗಿ ತಿದ್ದದೆ ಆ ಮೂಲೆಯನ್ನು ಚೂಪಾಗಿ ಬಿಟ್ಟರೆ, ಬಾಗುವ ಬಲವೆಲ್ಲ ಅಲ್ಲಿ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮೂರೇ ಮೇನ್ ಬೇರಿಂಗಿನ ಕ್ರ್ಯಾಂಕಿಗೆ ಒಂದನೆಯ-ಎರಡನೆಯ ಮತ್ತು ಮೂರನೆಯ-ನಾಲ್ಕನೆಯ ಪಿನ್‌ಗಳ ನಡುವೆ ಆಸರೆ ಇರುವುದಿಲ್ಲವಾದ್ದರಿಂದ ಅದು ಐದು ಬೇರಿಂಗಿನದಕ್ಕಿಂತ ಹೆಚ್ಚು ಬಾಗುತ್ತದೆ. 30 ಥೌಗೆ ಇಳಿಸಿದ ಪಿನ್‌ಗಳಲ್ಲಿ ರೇಡಿಯಸ್ ಕೆಟ್ಟರೆ ಅದು ಇನ್ನೂ ಅಪಾಯ. ಈ ಒಂದು ಕೆಲಸದಲ್ಲಿ ಕೊಯಮತ್ತೂರಿನ ಶಾಪ್ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು. ಲೈನರ್, ರಾಡ್ ಮತ್ತು ಹೆಡ್ಡಿನ ವಿಷಯದಲ್ಲಿ ಹಾಸನದ ಮೇಸ್ತ್ರಿಯ ಅನುಭವ ಮೇಲಿತ್ತು.

ಕೆಲಸ ಹಂಚುವುದರ ವಿರುದ್ಧ ಪ್ರಬಲವಾದ ವಾದವೊಂದಿದೆ, ಮಾಲೀಕರ ಮೆಕ್ಯಾನಿಕ್ ಅದನ್ನೇ ಮುಂದಿಟ್ಟರು. ಎಂಜಿನ್ ಸೀಜ್ ಆದರೆ ಬೋರ್ ಮಾಡಿದವರು ಕ್ರ್ಯಾಂಕಿನವರತ್ತ, ಕ್ರ್ಯಾಂಕಿನವರು ಬೋರ್ ಮಾಡಿದವರತ್ತ ಬೆರಳು ತೋರಿಸುತ್ತಾರೆ, ನಡುವೆ ಗಿರಾಕಿ ಸಿಕ್ಕಿಕೊಳ್ಳುತ್ತಾನೆ. ವಾದ ನಿಜ. ಅದಕ್ಕೆ ನಮ್ಮ ಉತ್ತರವೆಂದರೆ ಕೆಲಸವನ್ನು ಎಲ್ಲೆಂದರಲ್ಲಿ ಹಂಚಬಾರದು, ಒಂದು ಶಾಪಿನ ಕೆಲಸ ಮುಗಿದು ಇನ್ನೊಂದರದು ಶುರುವಾಗುವ ಗಡಿಯನ್ನು ಅಳತೆಯಿಂದ ಗುರುತಿಸಬಹುದಾದ ಜಾಗದಲ್ಲಿಯೇ ಹಂಚಬೇಕು. ಬೋರಿಂಗ್ ಒಬ್ಬರಿಗೆ, ಹೋನಿಂಗ್ ಇನ್ನೊಬ್ಬರಿಗೆ ಕೊಟ್ಟರೆ ಗಡಿ ಮಸುಕಾಗುತ್ತದೆ. ವಾಲ್ವಿನ ಕಾಂಡ ಜಾರುವ ಕೊಳವೆಯಾದ ವಾಲ್ವ್ ಗೈಡ್ ಒಬ್ಬರು ಹಾಕಿ ಸೀಟ್ ಇನ್ನೊಬ್ಬರು ಕಡೆದರೂ ಅಷ್ಟೆ, ಏಕೆಂದರೆ ಸೀಟಿನ ಕೇಂದ್ರ ಗೈಡಿನಿಂದಲೇ ನಿರ್ಧಾರವಾಗುತ್ತದೆ. ಕ್ರ್ಯಾಂಕ್ ಹಾಗಲ್ಲ. ಅದು ಶಾಪಿನಿಂದ ಹೊರಬಂದ ಕ್ಷಣದಲ್ಲಿ ಪ್ರತಿ ಜರ್ನಲಿನ ವ್ಯಾಸ, ಅಂಡಾಕಾರ, ಓರೆ ಮತ್ತು ರೇಡಿಯಸ್ ಎಲ್ಲವನ್ನೂ ಅಳೆದು ಒಪ್ಪಿಕೊಳ್ಳಬಹುದು ಅಥವಾ ಹಿಂದಿರುಗಿಸಬಹುದು. ಆದ್ದರಿಂದ ಕ್ರ್ಯಾಂಕ್ ಮಾತ್ರ ಕೊಯಮತ್ತೂರಿಗೆ, ಫ್ಲೈವೀಲ್ ಮತ್ತು ಕ್ಲಚ್ ಕವರ್‌ಗಳೊಂದಿಗೆ ಬ್ಯಾಲೆನ್ಸಿಂಗ್ ಕೂಡ ಅಲ್ಲಿಯೇ. ಬ್ಲಾಕ್, ಹೆಡ್ ಮತ್ತು ರಾಡ್‌ಗಳು ಹಾಸನಕ್ಕೆ ಎಂದು ತೀರ್ಮಾನವಾಯಿತು.

ಇನ್ನೊಂದು ಸಂಗತಿಯನ್ನು ಮಷೀನ್ ಶಾಪ್‌ಗಳಿಂದ ಪೂರ್ತಿಯಾಗಿ ಬೇರ್ಪಡಿಸಿದೆವು. ಲೈನರ್ ಹಾಕಬೇಕಾದರೆ ಬ್ಲಾಕಿನ ಗೋಡೆಯಲ್ಲಿ ಸಾಕಷ್ಟು ಲೋಹ ಉಳಿದಿದೆಯೇ ಎಂದು ಮೊದಲು ತಿಳಿಯಬೇಕು, ಕ್ರ್ಯಾಂಕ್ ಗ್ರೈಂಡ್ ಮಾಡುವ ಮುನ್ನ ಅದರಲ್ಲಿ ಬಿರುಕಿಲ್ಲವೆಂದು ಖಚಿತವಾಗಬೇಕು. ಕೆಲಸ ಪಡೆಯಲಿರುವ ಶಾಪಿನ ಬಾಯಿಂದ ಈ ಉತ್ತರಗಳನ್ನು ಕೇಳುವುದಕ್ಕಿಂತ, ಕೆಲಸದಲ್ಲಿ ಯಾವ ಪಾಲೂ ಇಲ್ಲದವರಿಂದ ಕೇಳುವುದು ಮೇಲು. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಅಲ್ಟ್ರಾಸಾನಿಕ್ ದಪ್ಪ ಮಾಪನ ಮತ್ತು ಕಾಂತೀಯ ಕಣಗಳ ಬಿರುಕು ಪರೀಕ್ಷೆ ಮಾಡಿಕೊಡುವವರಿದ್ದಾರೆ. ಅಲ್ಲಿ ಎರಡೂ ಮುಗಿದವು. ಕ್ರ್ಯಾಂಕಿನಲ್ಲಿ ಬಿರುಕು ಇರಲಿಲ್ಲ. ಬ್ಲಾಕಿನಲ್ಲಿ ನಾಲ್ಕನೆಯ ಸಿಲಿಂಡರಿನ ಹಿಂಬದಿ, ನೀರಿನ ದಾರಿಯಲ್ಲಿ ತುಕ್ಕು ತಿಂದಿದ್ದ ಜಾಗದಲ್ಲಿ, ಗೋಡೆ ಮೂರೂವರೆ ಮಿ.ಮೀ.ಗೆ ಇಳಿದಿತ್ತು. ಈ ಅಂಕಿ ಕೈಗೆ ಬಂದ ಮೇಲೆಯೇ ಲೈನರಿನ ದಪ್ಪ ನಿಗದಿಯಾದದ್ದು. ಮೇಸ್ತ್ರಿ ಮಾಮೂಲಾಗಿ ಬಳಸುತ್ತಿದ್ದ ದಪ್ಪ ಲೈನರಿನ ಬದಲು, ಸಿದ್ಧವಾದ ಮೇಲೆ ಹದಿನಾರನೆಯ ಒಂದು ಇಂಚಿನಷ್ಟು, ಅಂದರೆ ಸುಮಾರು 1.6 ಮಿ.ಮೀ. ಗೋಡೆಯುಳ್ಳ ಲೈನರ್ ಆಯ್ಕೆಯಾಯಿತು. ಅದಕ್ಕೆ ಬ್ಲಾಕನ್ನು ಪ್ರತಿ ಬದಿಯಲ್ಲೂ ಸುಮಾರು 1 ಮಿ.ಮೀ. ಮಾತ್ರ ಕೊರೆದರೆ ಸಾಕು, ಆ ತೆಳು ಜಾಗದಲ್ಲಿಯೂ ಎರಡೂವರೆ ಮಿ.ಮೀ. ಮೂಲ ಲೋಹ ಲೈನರಿಗೆ ಒರಗಾಗಿ ಉಳಿಯುತ್ತದೆ.

ಕೆಲಸದ ಕ್ರಮ ಮತ್ತು ಒಪ್ಪಂದ

ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಸ್ಟ್ಯಾಂಡರ್ಡ್ ಅಳತೆಯ ಪಿಸ್ಟನ್ ಸೆಟ್ ದೊರೆಯಿತು, ರಾಡ್‌ಗಳ ದೊಡ್ಡ ತುದಿಗೆ ಬೇಕಾದ 30 ಥೌ ಬಿಗ್ ಎಂಡ್ ಬೇರಿಂಗ್ ಮತ್ತು 20 ಥೌ ಮೇನ್ ಬೇರಿಂಗ್ ಕೂಡ. ಇವೆಲ್ಲ ಕೈಸೇರುವವರೆಗೆ ಯಾವ ಯಂತ್ರವೂ ತಿರುಗಬಾರದೆಂಬ ನಿಯಮವನ್ನು ಮಾಲೀಕರು ಬಿಗಿಯಾಗಿ ಪಾಲಿಸಿದರು. ಬೇರಿಂಗ್ ಸಿಗದ ಅಳತೆಗೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿಟ್ಟು ಆಮೇಲೆ ಅಂಗಡಿ ಅಂಗಡಿ ಅಲೆಯುವವರು ಈ ಹವ್ಯಾಸದಲ್ಲಿ ಕಡಿಮೆಯೇನಿಲ್ಲ.

ಎರಡೂ ಶಾಪ್‌ಗಳಿಗೆ ಒಂದೊಂದು ಪುಟದ ಕೆಲಸದ ಆದೇಶ ಹೋಯಿತು. ಹಾಸನದ್ದರಲ್ಲಿ ಪಿಸ್ಟನ್‌ಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಹಾಕಿ, ಪ್ರತಿಯೊಂದರ ಅಳತೆ ಬರೆದು, ಪಿಸ್ಟನ್‌ಗೂ ಬೋರಿಗೂ ನಡುವಿನ ಸಂದು 2 ಥೌ ಎಂದು ನಮೂದಿಸಲಾಗಿತ್ತು. ಬೋರಿಂಗ್ ಬಾರ್ ಬ್ಲಾಕಿನ ಮೇಲ್ಮೈಯನ್ನೇ ಆಧರಿಸಿ ನಿಲ್ಲುವುದರಿಂದ, ಆ ಮೇಲ್ಮೈ ಕ್ರ್ಯಾಂಕಿನ ಅಕ್ಷಕ್ಕೆ ಸಮಾನಾಂತರವಾಗಿದೆಯೇ ಎಂದು ಮೊದಲು ನೋಡಿ ಅಗತ್ಯವಿದ್ದಷ್ಟೇ ತೆಗೆಯಬೇಕು ಎಂದೂ ಬರೆದಿದ್ದೆವು. ಮೇಲ್ಮೈ ಓರೆಯಾಗಿದ್ದರೆ ನಾಲ್ಕೂ ಬೋರ್‌ಗಳು ಅಚ್ಚುಕಟ್ಟಾಗಿ ಓರೆಯಾಗುತ್ತವೆ, ಯಾವ ಬೋರ್ ಗೇಜಿಗೂ ಅದು ಕಾಣುವುದಿಲ್ಲ. ಹೆಡ್ಡಿನಲ್ಲಿ ಎಕ್ಸಾಸ್ಟ್ ಸೀಟ್‌ಗಳಿಗೆ ಮಾತ್ರ ಗಟ್ಟಿ ಉಂಗುರ. ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಕಾರಿಗೆ ಉಂಗುರ ಹಾಕಿಸಲೇಬೇಕೆಂದು ನಾನು ವಾದಿಸುವುದಿಲ್ಲ. ಇಲ್ಲಿ ಸೀಟ್‌ಗಳು ಆಗಲೇ ಕುಸಿದಿದ್ದರಿಂದ ಪ್ರಶ್ನೆ ಉಳಿದಿರಲಿಲ್ಲ.

ಕೊಯಮತ್ತೂರಿನ ಆದೇಶ ಚಿಕ್ಕದು: ಪಿನ್ ಮತ್ತು ಮೇನ್‌ಗಳ ಅಳತೆ, ಮೂಲದ ರೇಡಿಯಸ್ ಹಾಗೇ ಉಳಿಯಬೇಕು, ಎಣ್ಣೆ ರಂಧ್ರಗಳ ಅಂಚು ಮೃದುವಾಗಿರಬೇಕು, ಸುರುಳಿಯನ್ನು ಮುಟ್ಟಬಾರದು. ಫ್ಲೈವೀಲ್‌ನಿಂದ ಬ್ಯಾಲೆನ್ಸಿಗೆ ಅಗತ್ಯವಾದಷ್ಟು ಬಿಟ್ಟು ಬೇರೇನೂ ತೆಗೆಯಬಾರದು.

ಫಲಿತಾಂಶ

ಕ್ರ್ಯಾಂಕ್ ಬಂದಾಗ ಜರ್ನಲ್‌ಗಳ ಅಳತೆಗಳು ಆದೇಶದಂತೆಯೇ ಇದ್ದವು. ರೇಡಿಯಸ್ ಗೇಜ್ ಇಟ್ಟು ನೋಡಿದಾಗಲೂ ಬೆಳಕು ಹಾಯಲಿಲ್ಲ.

ಬ್ಲಾಕಿನ ಕಥೆ ಅಷ್ಟು ನೇರವಾಗಿರಲಿಲ್ಲ. ಮೇಲ್ಮೈಯಲ್ಲಿ ಉದ್ದಕ್ಕೆ 3 ಥೌ ಓರೆ ಕಂಡುಬಂದು, ಅದನ್ನು ತಿದ್ದಿದ ಮೇಲೆಯೇ ಬೋರಿಂಗ್ ಶುರುವಾಯಿತು. ಲೈನರ್‌ಗಳು ಕುಳಿತು, ಹೋನಿಂಗ್ ಮುಗಿದು, ಬ್ಲಾಕ್ ಒಂದು ರಾತ್ರಿ ತಣ್ಣಗಾದ ಮೇಲೆ ನಾವು ಅಳೆದಾಗ ಮೂರು ಸಿಲಿಂಡರ್‌ಗಳು ಸರಿಯಾಗಿದ್ದವು. ಮೂರನೆಯ ಸಂಖ್ಯೆಯ ಸಿಲಿಂಡರ್ ಮಾತ್ರ ತಳದಲ್ಲಿ ಮುಕ್ಕಾಲು ಥೌ ಬಿಗಿಯಾಗಿತ್ತು. ಕಾರಣ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಆ ಸಿಲಿಂಡರಿನ ಕೆಳಗೆ ಮೇನ್ ಬೇರಿಂಗಿನ ಅಡ್ಡಗೋಡೆ ಹತ್ತಿರವಿರುವುದರಿಂದ ಹೋನಿನ ಕಲ್ಲುಗಳು ಬೋರಿನ ಅಂಚನ್ನು ಸಾಕಷ್ಟು ದಾಟಿ ಹೋಗಿರಲಿಲ್ಲ. ಮೇಸ್ತ್ರಿ ಮೊದಲು ಅಷ್ಟು ಬಿಗಿ ನಡೆಯುತ್ತದೆ ಎಂದರು. ಪಿಸ್ಟನ್ ಸ್ಕರ್ಟ್‌ನ ಕೆಳಭಾಗವೇ ಅದರ ಅತಿ ಅಗಲದ ಜಾಗವೆಂದು, ಆದೇಶದ ಪುಟದಲ್ಲಿದ್ದ 2 ಥೌ ಅಲ್ಲಿ ಒಂದೂಕಾಲಕ್ಕೆ ಇಳಿಯುತ್ತದೆಂದು ತೋರಿಸಿದಾಗ ವಾದ ಬೆಳೆಸದೆ ಮತ್ತೆ ಯಂತ್ರಕ್ಕೇರಿಸಿದರು. ಬರಹದಲ್ಲಿ ಅಂಕಿ ಇಲ್ಲದಿದ್ದರೆ ಈ ಮಾತುಕತೆ ಅಭಿಪ್ರಾಯಗಳ ಜಗಳವಾಗುತ್ತಿತ್ತು. ಮಳೆಗಾಲವಾದ್ದರಿಂದ ಹೊಸದಾಗಿ ಹೋನ್ ಆದ ಬೋರ್‌ಗಳಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯಬಹುದು. ಬಿಸಿನೀರು ಮತ್ತು ಸೋಪಿನಿಂದ ಉಜ್ಜಿ ತೊಳೆದು ಕೂಡಲೇ ಎಣ್ಣೆ ಸವರಿಯೇ ಬ್ಲಾಕ್ ಅಲ್ಲಿಂದ ಹೊರಟಿತು. ನಾಲ್ಕು ರಾಡ್‌ಗಳಲ್ಲಿ ಒಂದು ತಿರುಚಿದ್ದದ್ದು ಜಿಗ್ಗಿನಲ್ಲಿ ಸಿಕ್ಕಿತು. ಬೆಂಗಳೂರಿನ ಶಾಪಿನ ಪ್ರಸ್ತಾವನೆಯಲ್ಲಿ ರಾಡ್ ಪರೀಕ್ಷೆಯೇ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಜೋಡಣೆಯಲ್ಲಿ, ಬಿಗಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಗೇಜ್ ಎಳೆಯನ್ನು ಬೇರಿಂಗಿನೊಳಗಿಟ್ಟು ಬಿಗಿದು ನೋಡಿದಾಗ ಎಲ್ಲ ಕಡೆ ಒಂದೂವರೆಯಿಂದ ಎರಡು ಥೌ ಸಂದು ಕಂಡಿತು. ಎಂಜಿನ್ ಓಡತೊಡಗಿದ ಮೇಲೆ ಬಿಸಿಯಲ್ಲಿಯೂ ಓಟದ ವೇಗದಲ್ಲಿ ಆಯಿಲ್ ಪ್ರೆಷರ್ ಚದರ ಇಂಚಿಗೆ 50 ಪೌಂಡಿಗೆ ನಿಲ್ಲುತ್ತದೆ, ಐಡ್ಲಿಂಗ್‌ನಲ್ಲಿ 20ರ ಆಸುಪಾಸಿಗೆ ಇಳಿಯುತ್ತದೆ. ನೀಲಿ ಹೊಗೆ ಇಲ್ಲ. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಹಿಂದಿನ ಸುರುಳಿಯಿಂದ ಒಂದೆರಡು ಹನಿ ಎಣ್ಣೆ ಬೀಳುವುದು ಈಗಲೂ ಉಂಟು. ಈ ವಿನ್ಯಾಸದಲ್ಲಿ ಅದನ್ನು ದೋಷವೆಂದು ಯಾವ ಶಾಪಿನ ಮೇಲೂ ಹೊರಿಸಲಾಗದು. ಮೊದಲ ಓಟದ ಅವಧಿ ಮುಗಿದ ಮೇಲೆ ಹೆಡ್ಡನ್ನು ಮತ್ತೆ ಬಿಗಿದು ಟ್ಯಾಪೆಟ್ ಹೊಂದಿಸಲಾಯಿತು. ಒಟ್ಟು ಖರ್ಚು, ಪರೀಕ್ಷೆ ಮತ್ತು ಸಾಗಣೆ ಸೇರಿ, ಎಲ್ಲವನ್ನೂ ಕೊಯಮತ್ತೂರಿಗೆ ಕೊಟ್ಟಿದ್ದರೆ ಆಗುತ್ತಿದ್ದುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಬೆಂಗಳೂರಿನ ಶಾಪಿನ ಒಟ್ಟು ದರಕ್ಕಿಂತಲೂ ತುಸು ಹೆಚ್ಚೇ.

ಎಲ್ಲ ಅಳತೆಪಟ್ಟಿಗಳೂ ಈಗ ಆರ್‌ಸಿಯೊಂದಿಗೆ ಒಂದೇ ಕಡತದಲ್ಲಿವೆ, ಪೆನ್ಸಿಲಿನ ಬಿಲ್ ಕೂಡ. ಅವುಗಳ ಪ್ರಕಾರ ಬ್ಲಾಕಿಗೆ ಇನ್ನು ಸ್ಟ್ಯಾಂಡರ್ಡ್‌ನಿಂದ ನಲವತ್ತರವರೆಗಿನ ಎಲ್ಲ ಮೆಟ್ಟಿಲುಗಳೂ ಬಾಕಿಯಿವೆ, ಕ್ರ್ಯಾಂಕ್ ಪಿನ್‌ಗಳಿಗೆ ಉಳಿದಿರುವುದು ಒಂದೇ ಗ್ರೈಂಡಿಂಗ್. ಆದ್ದರಿಂದ ಮಾಲೀಕರು ಹಳೆಯ ಟ್ಯಾಕ್ಸಿಗಳ ಗುಜರಿಯಲ್ಲಿ ಸುರುಳಿ ಸವೆಯದ, ಹೆಚ್ಚು ಗ್ರೈಂಡ್ ಆಗದ ಇನ್ನೊಂದು ಕ್ರ್ಯಾಂಕ್ ಹುಡುಕುತ್ತಿದ್ದಾರೆ. ಸಿಕ್ಕರೆ ಮೊದಲು ಪೀಣ್ಯದಲ್ಲಿ ಬಿರುಕು ಪರೀಕ್ಷೆ, ಹಣ ಕೊಡುವುದು ಆ ಮೇಲೆ ಎಂದು ಮಾರುವವರಿಗೆ ಮೊದಲೇ ಹೇಳಿಟ್ಟಿದ್ದಾರೆ.